ಮೆಂತೆಯ ಮಡಿ ಕಿತ್ತ ದಿನ

ಭಾನುವಾರ ಬೆಳಿಗ್ಗೆ ಹತ್ತೂಕಾಲಿಗೆ ನನ್ನ ಅತ್ತೆ ಕೈಯಲ್ಲಿದ್ದ ತುತ್ತನ್ನು ತಾಟಿನಲ್ಲೇ ಬಿಟ್ಟು, "ಯಾಕೋ ಬಾಯಾಗ ನೀರು ಭಾಳ ಬರಾಕತ್ತಾವು" ಎಂದರು. ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ತಿರುಗಿ ನೋಡದೆಯೇ, "ಎಳೀ ಮೆಂತೆ ಕಂಡ್ರ ನಿಮಗ ದಿನಾ ಬರತಾವಲ್ರಿ" ಎಂದು ನಕ್ಕೆ.

ನವನಗರದ ನಮ್ಮ ಮನೆಯ ಹಿಂದೆ ಎರಡು ಹಗ್ಗದ ಹೊರಸು ಹಾಕುವಷ್ಟು ಜಾಗವಿದೆ. ಚಳಿ ಶುರುವಾದರೆ ಅಲ್ಲಿ ಮೆಂತೆ, ಮೂಲಂಗಿ, ಉಳ್ಳಾಗಡ್ಡಿ ತಪ್ಪಲು, ಒಂದಿಷ್ಟು ಬದನೆ. ಇಬ್ಬನಿ ಆರುವ ಮೊದಲೇ ಕಿತ್ತು, ಬೇರಿನ ಮಣ್ಣು ಝಾಡಿಸಿ, ಸೆರಗಿಗೆ ಒರೆಸಿ, ಬಿಸಿ ರೊಟ್ಟಿಯ ಜೊತೆ ಹಸಿಯಾಗಿಯೇ ತಿನ್ನುವುದು ನಮ್ಮ ಕಡೆಯ ರೂಢಿ. ನಾನು ತೊಳೆಯಲು ಹೋದರೆ ಅತ್ತೆಗೆ ಸಿಟ್ಟು. "ಪ್ಯಾಟ್ಯಾಗಿಂದು ತೊಳಿಯವ್ವಾ. ಮನೀದು ಯಾಕ ತೊಳೀತಿ? ರುಚಿ ಎಲ್ಲಾ ನೀರಿಗೆ ಹೋಕ್ಕೈತಿ" ಎನ್ನುತ್ತಿದ್ದರು. ಅವತ್ತು ಅವರಿಗೆ ನೆಗಡಿ. ಮೂಗು ಕಟ್ಟಿತ್ತು. ಕೀಳುತ್ತಲೇ ನಾಲ್ಕು ಎಲೆ ಬಾಯಿಗೆ ಹಾಕಿಕೊಂಡಿದ್ದರು, ಆಮೇಲೆ ಊಟಕ್ಕೆ ಕೂತು ಮತ್ತೊಂದು ಹಿಡಿ. ನನ್ನ ಪಾಲನ್ನು ಬುಟ್ಟಿಯಲ್ಲಿ ಎತ್ತಿಟ್ಟಿದ್ದರು. ಇನ್ನೆರಡು ರೊಟ್ಟಿ ಬೇಗ ಬೆಂದಿದ್ದರೆ ನಾನೂ ಅವರ ಪಕ್ಕ ಕೂತಿರುತ್ತಿದ್ದೆ.

ನಾನು ತಿರುಗಿ ನೋಡಿದಾಗ ಅವರ ಗದ್ದದಿಂದ ಜೊಲ್ಲು ಹಗ್ಗದಂತೆ ಇಳಿಯುತ್ತಿತ್ತು. ಹಿಡಿಯಲು ಹೋದ ನನ್ನ ಮುಂಗೈ ಮೇಲೆ ಅದು ಬೆಚ್ಚಗೆ ಹರಡಿತು. ಆಮೇಲೆ ವಾಂತಿ. ಹಸಿರು ಚೂರುಗಳು, ಅಗಿದ ರೊಟ್ಟಿ, ಮತ್ತು ಕೊಳೆತ ಬೆಳ್ಳುಳ್ಳಿಯಂಥ ಒಂದು ವಾಸನೆ. ಸೀರೆ ಒದ್ದೆಯಾದದ್ದು ಅವರಿಗೆ ಗೊತ್ತೇ ಆಗಲಿಲ್ಲ. ನನಗೆ ಅಯ್ಯೋ ಅನ್ನಿಸುವುದಕ್ಕಿಂತ ಮೊದಲು ಹೇಸಿಗೆ ಅನ್ನಿಸಿತು. ದೇಹ ಹಾಗೆಯೇ.

ಗಂಡ ಸೀರೆ ತರಲು ಇಳಕಲ್ಲಿಗೆ ಹೋಗಿದ್ದ. ಪಕ್ಕದ ಮನೆಯವರ ಆಟೋದಲ್ಲಿ ಅತ್ತೆಯನ್ನು ತೊಡೆಯ ಮೇಲೆ ಹಾಕಿಕೊಂಡು ದವಾಖಾನೆಗೆ ಹೋದೆ. ಡಾಕ್ಟರ್ ರೆಪ್ಪೆ ಬಿಡಿಸಿ ಕಣ್ಣಿಗೆ ಬೆಳಕು ಹಿಡಿದರು. ಕಣ್ಣಪಾಪೆ ಸಾಸಿವೆ ಕಾಳಿಗಿಂತ ಸಣ್ಣದಾಗಿತ್ತು.

"ಯಾವ ಎಣ್ಣಿ ಕುಡದಾರ?"

ನಮ್ಮ ಕಡೆ ಬೆಳೆಗೆ ಹೊಡೆಯುವ ವಿಷಕ್ಕೆ ಎಣ್ಣೆ ಎನ್ನುತ್ತಾರೆ.

"ಕುಡದಿಲ್ಲರಿ. ಹಿತ್ತಲದಾಗಿನ ಮೆಂತೆ ತಿಂದಾರ."

"ಮೆಂತೆ ತಿಂದ್ರ ಹಿಂಗ ಆಗಂಗಿಲ್ಲ. ಔಷಧ ಶುರು ಮಾಡೇವಿ, ಆದ್ರ ಎಣ್ಣಿ ಹೆಸರು ಬೇಕು. ಖರೆ ಹೇಳ್ರಿ."

ಬಾಗಿಲಲ್ಲಿ ನಿಂತು ಶೇಂಗಾ ತಿನ್ನುತ್ತಿದ್ದ ಒಬ್ಬ ಹೆಂಗಸು ತನ್ನ ಜೊತೆಯವಳಿಗೆ ಹೇಳಿದಳು, "ಅತ್ತಿ ಸೊಸಿ ಅಂತ. ಇನ್ನ ನೀನ ತಿಳಕೊ." ಸಿಪ್ಪೆಯನ್ನು ಅಲ್ಲೇ ಉಗುಳಿದಳು. ಆ ಸಿಪ್ಪೆ ಅಂಟಿದ ತುಟಿ ನನಗೆ ಇವತ್ತಿಗೂ ಕಾಣುತ್ತದೆ.

ಆಗ ನೆನಪಾಯಿತು. ಹಿಂದಿನ ದಿನ ಅತ್ತೆಯ ತಮ್ಮ ಬಂದಿದ್ದ. ಹುನಗುಂದದ ಕಡೆ ಅವನ ದಾಳಿಂಬೆ ತೋಟ. ಎಣ್ಣೆ ಹೊಡೆಯುವ ಪಂಪು ರಿಪೇರಿ ಮಾಡಿಸಿಕೊಂಡು ಬರುತ್ತೇನೆಂದು ಫೋನಿನಲ್ಲಿ ಹೇಳಿ, ಸಂಜೆ ನಮ್ಮ ಮನೆಗೆ ಬಂದ. ಅತ್ತೆ, ನಾನು ಓಣಿಯಲ್ಲೊಂದು ತೊಟ್ಟಿಲು ಕಾರ್ಯಕ್ಕೆ ಹೋಗಿದ್ದೆವು. ಬರುವಷ್ಟರಲ್ಲಿ ಒಂದು ಚೀಲ ದಾಳಿಂಬೆ ಕಟ್ಟೆಯ ಮೇಲಿಟ್ಟು ಹೊರಟುಹೋಗಿದ್ದ.

ಫೋನ್ ಮಾಡಿದೆ. "ಮಾವಾರ, ನಿನ್ನೆ ಹಿತ್ತಲದಾಗ ಏನರ ಹೊಡದ್ರೇನು?"

"ನಾನಾ? ಹಿತ್ತಲಕ್ಕ ಕಾಲೂ ಇಟ್ಟಿಲ್ಲವಾ."

"ಅತ್ತಿ ಜೀವದ ಪ್ರಶ್ನೆ ಐತ್ರಿ."

"ಇಟ್ಟಿಲ್ಲ ಅಂದೆ ಇಟ್ಟಿಲ್ಲ." ಫೋನ್ ಇಟ್ಟ.

ಒಳಗೆ ಅತ್ತೆಯ ಗಂಟಲಿನಿಂದ ಗೊರಗೊರ ಸದ್ದು. ನಳಿಕೆಯಲ್ಲಿ ನೊರೆ ಎಳೆಯುತ್ತಿದ್ದರು. ಹೊರಗೆ ನಾನು ಮತ್ತೆ ಮತ್ತೆ ಅದೇ ನಂಬರ್ ಒತ್ತುತ್ತಿದ್ದೆ. ಅವನು ಎತ್ತಲಿಲ್ಲ. ಕೊನೆಗೆ ನನ್ನ ಗಂಡ ಇಳಕಲ್ಲಿನಿಂದ ಬೈಕಿನಲ್ಲಿ ನೇರವಾಗಿ ಅವನ ತೋಟಕ್ಕೇ ಹೋಗಿ ಕೊರಳಪಟ್ಟಿ ಹಿಡಿದ ಮೇಲೆ ಬಾಟಲಿ ಹೊರಗೆ ಬಂತು. ಪಂಪು ಸರಿಯಾಗಿದೆಯೋ ಇಲ್ಲವೋ ನೋಡಲು, ಉಳಿದಿದ್ದ ಎಣ್ಣೆಗೆ ಒಂದು ಚೊಂಬು ನೀರು ಬೆರೆಸಿ ನಮ್ಮ ಮಡಿಗಳ ಮೇಲೆ ಹೊಡೆದು ನೋಡಿದ್ದ. ಬದನೆಗೆ ಹುಳ ಬಿದ್ದಿತ್ತಂತೆ. ಉಪಕಾರವೂ ಆಯಿತಲ್ಲ ಅಂದುಕೊಂಡನಂತೆ.

ಮರುದಿನ ದವಾಖಾನೆಗೆ ಬಂದ. ಗೋಡೆಯ ಮೂಲೆಗೆ ಗುಟಕಾ ಉಗುಳಿ, ಬಾಯಿ ಒರೆಸಿಕೊಂಡು ನನ್ನೆದುರು ನಿಂತ.

"ಕೇಸ್ ಆಕ್ಕೈತಿ ಅಂತ ಅಂಜಿದ್ನೆವಾ."

"ನಿಮ್ಮ ಅಕ್ಕ ಸತ್ರ ಏನಾಕ್ಕಿತ್ರಿ?"

"ಸತ್ತಿಲ್ಲಲಾ." ಅವನ ಹಲ್ಲಿನ ಸಂದಿಯಲ್ಲಿ ಅಡಿಕೆ ಚೂರು ಇತ್ತು. ನಾನು ಹೊರಗೆ ಹೋಗಿ ನಳದ ಹತ್ತಿರ ವಾಂತಿ ಮಾಡಿಕೊಂಡೆ.

ಅತ್ತೆ ಉಳಿದರು. ಮನೆಗೆ ಬಂದಾಗ ಕೈ ನಡುಗುತ್ತಿತ್ತು, ಮಾತು ತೊದಲುತ್ತಿತ್ತು. ಮಡಿ ಕಿತ್ತು ಹಾಕುತ್ತೇನೆ ಎಂದರೆ ಮಾತ್ರ ಸ್ಪಷ್ಟವಾಗಿ ಬೈದರು. "ನಾ ಕೈಯಾರ ಹಚ್ಚೀನಿ. ಎಂಟ ದಿನಕ್ಕ ಎಣ್ಣಿ ಇಳೀತೈತಿ ಅಂತ ತಮ್ಮ ಹೇಳ್ಯಾನ. ತೊಳದು ತಿಂದ್ರಾತು." ಸಾವಿನ ಬಾಗಿಲಿಗೆ ತಳ್ಳಿದವನ ಮಾತನ್ನೇ ಔಷಧದ ಚೀಟಿಯಂತೆ ನಂಬಿದ್ದರು. ನನಗೆ ಅವರ ಮೇಲೂ ಅಸಹ್ಯ ಹುಟ್ಟಿತು. ಅದನ್ನು ಇಲ್ಲಿ ಮುಚ್ಚಿಟ್ಟು ಪ್ರಯೋಜನವಿಲ್ಲ.

ಆಮೇಲೆ ನನಗೆ ನಿದ್ದೆ ಹತ್ತಲಿಲ್ಲ. ಬೆಳಗಿನ ಜಾವ ಹಿತ್ತಲ ಬಾಗಿಲ ಚಿಲಕ ಸದ್ದಾದರೆ ಎದ್ದು ಓಡುತ್ತಿದ್ದೆ. ಒಂದು ದಿನ ಅವರು ಮೂಲಂಗಿ ಕಿತ್ತು ಕೈಯಲ್ಲಿ ಹಿಡಿದು ನಿಂತಿದ್ದರು. ಕಸಿದುಕೊಂಡೆ. "ನೋಡಾಕತ್ತಿದ್ನಿ ಅಷ್ಟ" ಎಂದರು. ಮೂಲಂಗಿ ಬೆಳ್ಳಗೆ, ದಪ್ಪಗೆ, ಚೆಲುವಾಗಿತ್ತು. ಅದೇ ಇನ್ನೂ ಹೇಸಿಗೆ. ವಿಷ ಕುಡಿದರೂ ಒಂದು ಎಲೆಯೂ ಬಾಡಿರಲಿಲ್ಲ.

ಆ ದಿನವೇ ಗಂಡನಿಂದ ಅತ್ತೆಯ ತಮ್ಮನನ್ನು ಕರೆಸಿದೆ. ಮೆಂತೆಯ ಒಂದು ಸಿವುಡು ಕಿತ್ತು, ತೊಳೆದು, ತಾಟಿನಲ್ಲಿಟ್ಟು ಅವನ ಮುಂದೆ ಸರಿಸಿದೆ.

"ಎಂಟ ದಿನ ಆಗ್ಯಾವ್ರಿ. ತಿನ್ರಿ."

ಅವನು ತಾಟನ್ನು ನೋಡಿದ, ಮುಟ್ಟಲಿಲ್ಲ. "ಈಗ ಹಸಿವಿಲ್ಲವಾ" ಎಂದ.

ಅತ್ತೆ ತಮ್ಮನ ಮುಖ ನೋಡಿದರು. ಆಮೇಲೆ ತೊದಲುತ್ತ, "ಏಳಲೇ. ಕೀಳು" ಎಂದರು. "ಒಂದ ಕಡ್ಡೀ ಉಳಿಬಾರದು. ದನಕ್ಕೂ ಹಾಕಬ್ಯಾಡ."

ಅವನು ಪ್ಯಾಂಟು ಮಡಚಿ ಮಡಿಗೆ ಇಳಿದ. ಅತ್ತೆ ಬಾಗಿಲಲ್ಲಿ ಕೂತು ಕೊನೆಯ ಬದನೆ ಗಿಡ ಬುಡಸಮೇತ ಕಿತ್ತು ಬರುವವರೆಗೂ ಕಣ್ಣು ಕೀಳಲಿಲ್ಲ. ಅವನೂ ನನ್ನ ಗಂಡನೂ ಊರಾಚೆ ಗುಂಡಿ ತೋಡಿ ಎಲ್ಲವನ್ನೂ ಹೂತು ಬಂದರು. ಹಿತ್ತಲು ಬೋಳಾಗಿ, ಕೆದರಿದ ಮಣ್ಣಾಗಿ ಉಳಿಯಿತು. ನೋಡಲು ಅಸಹ್ಯವಾಗಿತ್ತು. ಆ ರಾತ್ರಿ ನಾನು ನಡುವೆ ಒಮ್ಮೆಯೂ ಏಳದೆ, ಬಿಸಿಲು ಮುಖಕ್ಕೆ ಬೀಳುವವರೆಗೆ ಮಲಗಿದ್ದೆ.