ಯಾರಿಗಾದರೂ ಹೊಳೆಯುವ ಪದರ

ಆ ಬರಗಾಲದಲ್ಲಿ ನಾನು ಬೀದರಿನ ಚಿದ್ರಿಯ ಸಣ್ಣದೊಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಿದ್ದೆ. ಅಕ್ಕನನ್ನು ಔರಾದ ಕಡೆಯ ಚಿಂತಾಕಿಗೆ ಕೊಟ್ಟಿತ್ತು. ಅಲ್ಲಿ ಬಾವಿಗಳು ಬತ್ತಿ, ಓಣಿಗೆ ಓಣಿಯೇ ಹೈದರಾಬಾದಿನ ಕಟ್ಟಡ ಕೆಲಸಕ್ಕೆ ಹೊರಟಿತ್ತು. ಅಕ್ಕ, ಭಾವ ಇಬ್ಬರೂ ಗಂಟು ಕಟ್ಟಿದ್ದರು. ನೋಡಿಬರಲು ಹೋದೆ. ಅಕ್ಕ ಅರ್ಧ ಆಗಿದ್ದಳು.

“ಎಷ್ಟು ಕುಡದ್ರೂ ನೀರಡಕಿ ಹೋಗವಲ್ದು, ತಮ್ಮಾ. ಬಚ್ಚಲದಾಗ ಇರುವಿ ಮುತ್ತಲಾಕತ್ಯಾವ.”

ಚೀಲದಿಂದ ಸಕ್ಕರೆ ನೋಡುವ ಮಷಿನ್ ತೆಗೆದೆ. ಎರಡು ಸಲ ಚುಚ್ಚಿದ ಮೇಲೆ ಅವಳ ಒರಟು ಬೆರಳಿನಿಂದ ಕಪ್ಪನೆಯ ಒಂದು ಹನಿ ಬಂತು. ಮಷಿನ್ನಿಗೆ ಸಿಕ್ಕಿಸಿದ ಪಟ್ಟಿಗೆ ಮುಟ್ಟಿಸಿದೆ. ಗಾಬರಿಪಡುವಂಥ ಅಂಕಿ ಬರಲಿಲ್ಲ.

“ಬರೋಬ್ಬರಿ ಅದ ಅಕ್ಕಾ. ಬಿಸಲಿಗಿ ಹಂಗಾಗ್ಯಾದ.”

“ಖರೇ ಅಂತಿ?”

“ಮಷಿನ್ ಸುಳ್ಳು ಹೇಳ್ತದೇನು?”

ಅವಳು ನನ್ನನ್ನು ನಂಬಿ ಮರುದಿನ ಲಾರಿ ಹತ್ತಿದಳು.

ಹತ್ತನೆಯ ದಿನ ಭಾವನ ಫೋನ್ ಬಂತು. “ಲಗೂ ಬಾರೋ. ನಿಮ್ಮಕ್ಕಗ ಎಚ್ಚರಿಲ್ಲ.”

ಹೈದರಾಬಾದಿನ ಆಸ್ಪತ್ರೆಯಲ್ಲಿ ರಕ್ತನಾಳದಿಂದ ತೆಗೆದ ರಕ್ತದಲ್ಲಿ ಸಕ್ಕರೆ ವಿಪರೀತ ಇತ್ತು. ಅಲ್ಲೇ ನನ್ನ ಪಟ್ಟಿಯಿಂದಲೂ ನೋಡಿದೆ. ಬಹಳ ಕಡಿಮೆ ತೋರಿಸಿತು. ಮೈಯಲ್ಲಿ ನೀರು ಆರಿ ರಕ್ತ ಗಟ್ಟಿಯಾದರೆ ಕೆಂಪು ಕಣಗಳು ದಟ್ಟವಾಗಿ ಪಟ್ಟಿ ತಪ್ಪು ತೋರಿಸುತ್ತದೆ ಎಂದರು ಡಾಕ್ಟರು. ಇದನ್ನು ನಾನೂ ಎಂದೋ ಓದಿದ್ದೆ.

ಅಕ್ಕ ಉಳಿದಳು. ಗಾಯ ಕೊಳೆತ ಎಡಗಾಲಿನ ಮೂರು ಬೆರಳು ಉಳಿಯಲಿಲ್ಲ.

ಊರಿಗೆ ಬಂದವನೇ ಪಟ್ಟಿಗಳನ್ನು ಬಿಚ್ಚತೊಡಗಿದೆ. ಮೇಲೆ ಹನಿಯನ್ನು ಹರಡುವ ಪದರ, ಕೆಳಗೆ ಬಣ್ಣ ತಿರುಗುವ ಔಷಧಿಯ ಪದರ. ನಡುವೆ ಕೆಂಪು ಕಣಗಳನ್ನು ತಡೆಯುವ ತೆಳ್ಳನೆಯ ಸೋಸುಪದರ ಸೇರಿಸಿದೆ. ತಿಂಗಳುಗಟ್ಟಲೆ ಕೆಟ್ಟು, ಕೊನೆಗೆ ಗಟ್ಟಿ ರಕ್ತಕ್ಕೂ ಅಂಕಿ ಸರಿಯಾಗಿ ಬಂತು. ಪೇಟೆಂಟಿಗೆ ಅರ್ಜಿ ಹಾಕಿದೆ.

ವಿಚಾರಣೆ ಕಂಪ್ಯೂಟರ್ ಪರದೆಯ ಮೇಲೆ ನಡೆಯಿತು. ಪೇಟೆಂಟ್ ಕಚೇರಿಯ ಪರೀಕ್ಷಕರು ಸೌಮ್ಯವಾಗಿಯೇ ಮಾತಾಡಿದರು. ಸೋಸುಪದರ ಒಂದು ಹಳೆಯ ಪೇಟೆಂಟಿನಲ್ಲಿತ್ತು, ಉಳಿದೆರಡು ಇನ್ನೊಂದರಲ್ಲಿದ್ದವು.

“ಇವನ್ನು ಕೂಡಿಸುವುದು ಈ ಕೆಲಸ ಬಲ್ಲ ಯಾರಿಗಾದರೂ ಹೊಳೆಯುತ್ತದೆ. ನೀವು ಹೊಸದಾಗಿ ಕಂಡುಹಿಡಿದದ್ದೇನು?”

ಉತ್ತರ ಬರೆದಿಟ್ಟುಕೊಂಡಿದ್ದೆ. ಆ ಹಾಳೆಯನ್ನು ಮಗುಚಿಟ್ಟೆ. ಕೆಲಸ ಬಲ್ಲವನು ನಾನೂ ಆಗಿದ್ದೆ. ಅಕ್ಕನ ಮುಂದೆ ಕೂತಾಗ ನನಗೆ ಏನೂ ಹೊಳೆದಿರಲಿಲ್ಲ.

ಅರ್ಜಿ ತಿರಸ್ಕಾರವಾಯಿತು. ಮುಂದಿನ ಮುಂಗಾರೂ ಕೈಕೊಟ್ಟಿತು. ಊರು ಬಿಡುವವರಿಗಾಗಿ ಭಾಲ್ಕಿ ಬಸ್ ಸ್ಟ್ಯಾಂಡಿನ ಹತ್ತಿರ ತಪಾಸಣೆ ಶಿಬಿರ ಹಾಕಿದರು. ರಕ್ತ ನೋಡಲು ನಾನೂ ಹೋದೆ. ಡಬ್ಬಿಯಲ್ಲಿ ಹಳೆಯ ಬಗೆಯ ಪಟ್ಟಿಗಳೇ ಇದ್ದವು. ಸಿರಿಂಜಿನಿಂದಲೇ ರಕ್ತ ತೆಗೆಯೋಣ ಎಂದೆ.

“ಇಷ್ಟು ಮಂದಿಗಿ ಅದೆಲ್ಲ ಎಲ್ಲಿ ಆಗ್ತದರಿ?” ಎಂದರು ಶಿಬಿರ ನಡೆಸುವವರು.

ಮೊದಲು ಬಂದ ಹೆಂಗಸಿನ ತುಟಿಗಳು ಒಡೆದಿದ್ದವು. “ಜಲ್ದಿ ನೋಡ್ರಿ ಸಾಹೇಬ್ರ, ಗಾಡಿ ನಿಂತದ.”

ಚುಚ್ಚಿದೆ. ಅಂಕಿ ಚೆನ್ನಾಗಿಯೇ ಬಂತು.

“ಇದನ್ನ ನಂಬಬ್ಯಾಡ್ರಿ. ನೀರು ಕುಡದು ಕೂಡ್ರಿ, ಮತ್ತೊಮ್ಮೆ ನೋಡ್ತೇನಿ. ಈ ಗಾಡಿ ಬಿಡ್ರಿ.”

ಅವಳು ಮಷಿನ್ ನೋಡಿದಳು, ನನ್ನ ಮುಖ ನೋಡಿದಳು. “ಮಷಿನ್ ಸುಳ್ಳು ಹೇಳ್ತದೇನ್ರಿ?” ಎಂದು ನಕ್ಕು ಗಂಟು ತಲೆಗೇರಿಸಿ ನಡೆದಳು.