ಮುತ್ತಿಗೂ ಮುಂಚಿನ ಪ್ರಶ್ನೆ

ಉಣ್ಣೆ ನೂತು ಹೊಟ್ಟೆ ಹೊರೆಯುವ ವಿಧವೆ ಮರ್ತಾನಾ ಎದೆಸ್ಸಾ ಪಟ್ಟಣದಲ್ಲಿ ಯಾರ ಮುಲಾಜಿಗೂ ಬಿದ್ದವಳಲ್ಲ. ಕ್ರಿಸ್ತನ ಸಭೆ ಸೇರುತ್ತಿದ್ದದ್ದು ರೇಷ್ಮೆ ವ್ಯಾಪಾರಿಯ ಹೆಂಡತಿ ಶಲ್ಮತಳ ಮನೆಯಲ್ಲಿ. ಕ್ರಿಸ್ತನ ನೆನಪಿಗೆ ರೊಟ್ಟಿ ಮುರಿದು ಹಂಚಿಕೊಳ್ಳುವ ಮುಂಚೆ ಹೆಂಗಸರು ಹೆಂಗಸರಿಗೆ, ಗಂಡಸರು ಗಂಡಸರಿಗೆ ಶಾಂತಿಯ ಮುತ್ತು ಕೊಡಬೇಕು. ಅದಕ್ಕೂ ಮುಂಚೆ ಸಭೆಯ ಸೇವಕ ಜಬ್ದಾಯ್ ಕೂಗಿ ಕೇಳುತ್ತಾನೆ: "ಯಾರಿಗಾದರೂ ಯಾರ ಮೇಲಾದರೂ ದೂರಿದೆಯಾ?" ಯಾರೂ ಉಸಿರೆತ್ತುವುದಿಲ್ಲ, ಅದೇ ರೂಢಿ.

ಆ ಭಾನುವಾರ ಮರ್ತಾನಾ ಎದ್ದು ನಿಂತಳು. "ನನಗಿದೆ. ಶಲ್ಮತಮ್ಮ ನಿನ್ನೆ ದಾಸಿ ಕೈಗೆ ಬರೆ ಹಾಕಿದ್ದಾಳೆ. ಇವಳ ಕೆನ್ನೆಗೆ ನಾನು ಮುತ್ತು ಕೊಡಲ್ಲ."

"ಹಾಲು ಚೆಲ್ಲಿದ್ಲು, ಹಾಕ್ದೆ," ಅಂದಳು ಶಲ್ಮತ್. "ನನ್ನ ದಾಸಿ, ನನ್ನ ಮನೆ. ನಿಂಗೇನೇ ಉರಿ?"

"ಮನೆ ನೀನೇ ಇಟ್ಕೊ. ನಾವು ಬೀದೀಲಿ ರೊಟ್ಟಿ ಮುರೀತೀವಿ."

ಜಬ್ದಾಯ್ ಹತ್ತಿರ ಬಂದು ಪಿಸುಗುಟ್ಟಿದ. "ಅಕ್ಕಾ, ಅದು ಸುಮ್ನೆ ಕೇಳೋ ಮಾತು."

"ಸುಮ್ನೆ ಕೇಳೋದಾದ್ರೆ ಕೇಳ್ಬೇಡ. ಕೇಳಿದ್ಮೇಲೆ ಕಿವಿ ಕೊಡು."

ಜಬ್ದಾಯ್ ಶಲ್ಮತಳ ಮುಖ ನೋಡಿದ. ಆಮೇಲೆ ಮುರಿಯಲು ತೆರೆದಿಟ್ಟಿದ್ದ ರೊಟ್ಟಿಯ ಮೇಲೆ ಮತ್ತೆ ಬಟ್ಟೆ ಹೊದಿಸಿ, ಈ ಸಲ ಕೂಗದೆ ಕೇಳಿದ: "ಯಾರಿಗಾದರೂ ದೂರಿದೆಯಾ?"

ಮರ್ತಾನಾ ಬಾಯಿ ತೆರೆಯಬೇಕಾಗಲಿಲ್ಲ. ಹಿಂದಿನ ಸಾಲಿನಲ್ಲಿ ಬಟ್ಟೆ ಸುತ್ತಿದ ಕೈಯೊಂದು ಮೇಲೆದ್ದಿತು.