ಎರಡೂವರೆ ಗಂಟೆಯ ಏರು

ನಮ್ಮ ಯೂನಿವರ್ಸಿಟಿಯಲ್ಲಿ ನೌಕರರಿಗಾಗಿ ಆರು ವಾರಗಳ ಆಹಾರ ಪಾಠ ಶುರುವಾದಾಗ ನಾನು ಹೆಸರು ಕೊಟ್ಟಿದ್ದು ಕಲಿಯುವ ಆಸೆಯಿಂದಲ್ಲ. ರಕ್ತದ ಸಕ್ಕರೆ ಕಾಯಿಲೆಯ ಗಡಿಯಲ್ಲಿದೆ ಎಂದು ಡಾಕ್ಟರು ವರ್ಷಕ್ಕೊಮ್ಮೆ ಹೇಳುತ್ತಿದ್ದರು, ಅದನ್ನೇ ನನ್ನ ಗಂಡ ದಿನಕ್ಕೆರಡು ಸಲ ಹೇಳುತ್ತಿದ್ದರು. ಇಬ್ಬರ ಬಾಯನ್ನೂ ಒಟ್ಟಿಗೆ ಮುಚ್ಚಿಸೋಣ ಎಂದು ಸೇರಿಕೊಂಡೆ. ಪಾಠ ಹೇಳಲು ಬರುತ್ತಿದ್ದ ಡಯಟಿಷಿಯನ್ ಒಬ್ಬಳು ಪಂಜಾಬಿ ಹುಡುಗಿ, ಮೊದಲ ದಿನವೇ ನನ್ನನ್ನು ಆಂಟಿ ಮಾಡಿದಳು. ತಟ್ಟೆಯ ಅರ್ಧ ತರಕಾರಿ, ಕಾಲು ಭಾಗ ಧಾನ್ಯ, ಇನ್ನು ಕಾಲು ಭಾಗ ಬೇಳೆಯೋ ಮೊಟ್ಟೆಯೋ ಎಂದು ಚಿತ್ರ ತೋರಿಸಿದಳು. ಹಾಗಾದರೆ ಸಾರು ಯಾವ ಭಾಗಕ್ಕೆ ಹರಿಯಬೇಕು ಎಂದು ಕೇಳಿದೆ. ಅವಳಿಗೆ ಅರ್ಥವಾಗಲಿಲ್ಲ, ನಾನೊಬ್ಬಳೇ ನಕ್ಕೆ.

ನಾನು ಪರೀಕ್ಷಾ ವಿಭಾಗದವಳು. ಯಾವ ಪರೀಕ್ಷಾ ಕೋಣೆಯಲ್ಲಿ ಎಷ್ಟು ಕುರ್ಚಿ, ಯಾವ ಕಿಟಕಿ ಸರಿಯಾಗಿ ಮುಚ್ಚುವುದಿಲ್ಲ, ಯಾವ ಗಡಿಯಾರ ಐದು ನಿಮಿಷ ಮುಂದಿದೆ, ಎಲ್ಲವನ್ನೂ ಕಂಪ್ಯೂಟರ್ ತೆರೆಯದೆ ಹೇಳುತ್ತಿದ್ದೆ. ನೆನಪಿನ ಬಗ್ಗೆ ನನಗೆ ಜಂಬವಿತ್ತು, ಈಗ ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಎರಡನೇ ವಾರ, ಒಪ್ಪಿದವರ ತೋಳಿಗೆ ಕೋಟಿನ ಗುಂಡಿಯಷ್ಟು ದೊಡ್ಡ ಬಿಳಿ ಬಿಲ್ಲೆಯೊಂದನ್ನು ಅಂಟಿಸಿದರು. ಅದು ಇಡೀ ದಿನ ಸಕ್ಕರೆ ಅಳೆದು ಫೋನಿನಲ್ಲಿ ಗೆರೆ ಎಳೆಯುತ್ತದೆ. ತಿಂದದ್ದನ್ನೆಲ್ಲ ಗಂಟೆ ಸಮೇತ ನಾವು ಒಂದು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ನನ್ನ ನೋಟ್‌ಬುಕ್ಕು ಪರೀಕ್ಷೆಯ ಟೈಮ್‌ಟೇಬಲ್ಲಿನಷ್ಟೇ ಅಚ್ಚುಕಟ್ಟಾಗಿತ್ತು. ಹನ್ನೆರಡೂವರೆಗೆ ರಾಗಿ ರೊಟ್ಟಿ, ಸೊಪ್ಪಿನ ಪಲ್ಯ, ಮೊಸರು. ಆಮೇಲೆ ಮನೆಗೆ ಹೋಗುವ ತನಕ ಬರೀ ನೀರು.

ಮುಂದಿನ ಪಾಠದ ದಿನ ಹುಡುಗಿ ನೋಟ್‌ಬುಕ್ಕನ್ನೂ ಫೋನನ್ನೂ ಅಕ್ಕಪಕ್ಕ ಇಟ್ಟಳು. ಮಧ್ಯಾಹ್ನ ಎರಡೂವರೆಯ ಹೊತ್ತಿಗೆ ಗೆರೆ ದಿಢೀರನೆ ಮೇಲೇಳುತ್ತಿತ್ತು. ಸೋಮವಾರದಿಂದ ಶುಕ್ರವಾರದವರೆಗೆ ಪ್ರತಿ ದಿನ, ಶನಿವಾರ ಭಾನುವಾರ ಇಲ್ಲ. ಏನಾದರೂ ಬರೆಯಲು ಮರೆತಿರಾ ಎಂದು ಮೆತ್ತಗೆ ಕೇಳಿದಳು. ನಾನೇನೂ ತಿಂದಿಲ್ಲ ಎಂದೆ, ಸ್ವಲ್ಪ ಜೋರಾಗಿಯೇ. ಟೆನ್ಷನ್ನಿಗೂ ಒಮ್ಮೊಮ್ಮೆ ಏರುತ್ತದೆ ಆಂಟಿ ಎಂದು ಅವಳು ಪುಟ ತಿರುಗಿಸಿದಳು.

ಈ ಪರದೇಶದಲ್ಲಿ ನಾವು ಮನೆ ಮಾಡಿಕೊಂಡಿರುವುದು ರಿಚ್ಮಂಡ್ ಹಿಲ್ಲಿನಲ್ಲಿ. ಮನೆಗೆ ಬಂದು ಗಂಡನಿಗೆ ತೋರಿಸಿದೆ. ಅವರು ಗೆರೆಯನ್ನು ತುಂಬ ಹೊತ್ತು ನೋಡಿ ಫೋನನ್ನು ಮೇಜಿನ ಮೇಲೆ ಮಗುಚಿಟ್ಟರು. "ಮೆಷಿನ್ನು ಅಲ್ವಾ, ಸ್ವಲ್ಪ ಹೆಚ್ಚುಕಮ್ಮಿ ಇರತ್ತೆ. ಬಿಡು" ಎಂದರು. ಸಕ್ಕರೆಯ ಹೆಸರೆತ್ತಿದರೆ ಅರ್ಧ ಗಂಟೆ ಭಾಷಣ ಮಾಡುವ ಮನುಷ್ಯ ಅಷ್ಟಕ್ಕೇ ಸುಮ್ಮನಾದದ್ದು ನನಗೆ ವಿಚಿತ್ರವೆನಿಸಬೇಕಿತ್ತು. ಅನಿಸಲಿಲ್ಲ.

ಮಾರನೆಯ ದಿನ ಆಫೀಸಿನಲ್ಲಿ ಕೋಟಿನ ಜೇಬಿಗೆ ಕೈ ಹಾಕಿದಾಗ ನಾಲ್ಕು ಮಡಿಕೆ ಮಾಡಿದ ಪೇಪರ್ ನ್ಯಾಪ್ಕಿನ್ ಸಿಕ್ಕಿತು. ಅದರ ತುಂಬ ಚಾಕೊಲೇಟಿನ ಕಲೆ. ಯಾರೋ ತಮ್ಮ ಕೋಟು ಎಂದುಕೊಂಡು ನನ್ನದರೊಳಗೆ ಹಾಕಿರಬೇಕೆಂದು ಸಮಾಧಾನ ಮಾಡಿಕೊಂಡೆ. ಆದರೆ ಅದರ ಮಡಿಕೆ ನನ್ನದೇ ಆಗಿತ್ತು, ಮೂಲೆಗೆ ಮೂಲೆ ಸೇರಿಸಿ ಉಗುರಿನಿಂದ ಒತ್ತಿದ ಮಡಿಕೆ. ಅವತ್ತು ಎರಡು ಗಂಟೆಯಿಂದ ಕುರ್ಚಿ ಬಿಟ್ಟು ಏಳಬಾರದೆಂದು ಹಟ ಹಿಡಿದು ಗಡಿಯಾರ ನೋಡುತ್ತ ಕೂತೆ. ಎರಡು ಗಂಟೆ ಹತ್ತು ನಿಮಿಷ ಆಗಿದ್ದನ್ನು ನೋಡಿದೆ. ಮತ್ತೆ ನೋಡಿದಾಗ ಎರಡೂವರೆ. ನಡುವೆ ಏನೂ ಆಗಿರಲಿಲ್ಲ, ನಾನು ಕೂತಲ್ಲೇ ಇದ್ದೆ. ನಾಲಿಗೆಯ ಅಡಿಯಲ್ಲಿ ಮಾತ್ರ ಸಿಹಿ ಇತ್ತು.

ನನ್ನ ಪಕ್ಕದ ಮೇಜಿನವಳು ಪೋಲೆಂಡಿನ ಹೆಂಗಸು, ಹನ್ನೊಂದು ವರ್ಷದಿಂದ ಅಲ್ಲೇ ಕೂರುವವಳು. ಈಗ ನಾನು ಎದ್ದು ಹೋಗಿದ್ದೆನಾ ಎಂದು ಅವಳನ್ನು ಕೇಳಿದೆ. ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡಳು. "ದಿನಾ ಹೋಗುತ್ತೀಯಲ್ಲ" ಎಂದಳು. ಮೀಟಿಂಗುಗಳಿಗೆ ನಮ್ಮಲ್ಲಿ ಬರವಿಲ್ಲ, ಅಲ್ಲಿ ಉಳಿದ ತಿಂಡಿಯನ್ನು ಮಧ್ಯಾಹ್ನ ಸಿಬ್ಬಂದಿಯ ಅಡುಗೆಕೋಣೆಯಲ್ಲಿ ತಂದಿಡುತ್ತಾರೆ. ಅದಕ್ಕೆ ಮುಗಿಬೀಳುವವರನ್ನು ಆಡಿಕೊಳ್ಳುವುದರಲ್ಲಿ ನಾನೇ ಮುಂದು. ನಾನು ಅಲ್ಲಿಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತು ಒಂದು ಕುಕಿಯೋ ಮಫಿನ್ನೋ ನಿಧಾನವಾಗಿ ತಿನ್ನುತ್ತೇನಂತೆ, ಬಾಯಿ ಮುಕ್ಕಳಿಸಿ ವಾಪಸು ಬರುತ್ತೇನಂತೆ. ಒಂದು ಸಲ ಅವಳು ಮಾತಾಡಿಸಿದಾಗ, ಬಸ್ಸಿನಲ್ಲಿ ಅಪರಿಚಿತರಿಗೆ ನಗುವಂತೆ ಅವಳಿಗೆ ನಕ್ಕೆನಂತೆ. ಅದಾದ ಮೇಲೆ ಅಲ್ಲಿ ಮಾತಾಡಿಸುವುದನ್ನು ಬಿಟ್ಟೆ ಎಂದಳು.

ನನಗೆ ಭಯ ಹುಟ್ಟಿತು. ಸಕ್ಕರೆಯ ಭಯವಲ್ಲ ಅದು.

ನನ್ನ ಅಮ್ಮ ಮೈಸೂರಿನಲ್ಲಿ ಅಣ್ಣನ ಮನೆಯಲ್ಲಿದ್ದಳು. ಕೊನೆಕೊನೆಗೆ ಉಂಡು ಕೈ ತೊಳೆದು ಅರ್ಧ ಗಂಟೆಗೆ ಮತ್ತೆ ಬಂದು ಕೂರುತ್ತಿದ್ದಳು, ಬಂದವರ ಮುಂದೆಲ್ಲ ಯಾರೂ ಊಟ ಹಾಕಿಲ್ಲ ಎನ್ನುತ್ತಿದ್ದಳು. ಮೂರು ವಾರದ ರಜೆಗೆಂದು ಹೋಗಿದ್ದ ನಾನು ಅತ್ತಿಗೆಯ ಮಾನ ಉಳಿಸಲು ಹೊರಟೆ. "ಸುಳ್ಳು ಹೇಳ್ಬೇಡಮ್ಮಾ, ಈಗಷ್ಟೇ ಎರಡು ಸಲ ಹುಳಿ ಹಾಕಿಸ್ಕೊಂಡೆ" ಎಂದು ನೋಡಲು ಬಂದಿದ್ದ ಚಿಕ್ಕಮ್ಮನ ಎದುರಿಗೇ ಗದರಿಸಿದೆ. ಅಮ್ಮ ನನ್ನ ಬಾಯನ್ನೇ ನೋಡುತ್ತಿದ್ದಳು. ಹಟ ಎಂದುಕೊಂಡಿದ್ದೆ. ಹೆದರಿದ್ದಳು ಅಮ್ಮ. ತಾನು ಇಲ್ಲದಿದ್ದಾಗ ತನ್ನ ಮೈಯಲ್ಲಿ ಯಾರೋ ಉಂಡು ಹೋಗಿದ್ದಾರೆ ಎಂದು ಗೊತ್ತಾದವರ ಹೆದರಿಕೆ ಅದು. ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ಪಕ್ಕದ ಮೇಜಿನವಳು ಹೇಳಿದ ದಿನದಿಂದ ಎಲ್ಲವನ್ನೂ ಆಗಿಂದಾಗಲೇ ಆ ನೋಟ್‌ಬುಕ್ಕಿನಲ್ಲಿ ಬರೆದಿಡಲು ಶುರುಮಾಡಿದೆ. ಈಗ ಹೇಳುತ್ತಿರುವುದೂ ಅದರಲ್ಲಿರುವುದೇ. ವಾರ ಕಳೆದು ಡಾಕ್ಟರ ಹತ್ತಿರ ಹೋದೆ. ಗಂಡನೂ ಬಂದರು, ನಾನು ಕರೆಯದಿದ್ದರೂ. ಡಾಕ್ಟರು ನನ್ನನ್ನು ಕೇಳುವುದನ್ನೆಲ್ಲ ಕೇಳಿ, ಮನೆಯಲ್ಲಿ ಏನಾದರೂ ಗಮನಿಸಿದ್ದೀರಾ ಎಂದು ಗಂಡನ ಕಡೆ ತಿರುಗಿದರು. ಅವರು ನನ್ನ ಮುಖ ನೋಡದೆ ಹೇಳಿದರು. ಕಳೆದ ಬೇಸಿಗೆಯಿಂದ ನಾನು ಸಂಜೆಯ ಕಾಫಿ ಕುಡಿದು, ಲೋಟ ತೊಳೆದಿಟ್ಟು, ಇವತ್ತು ಕಾಫಿ ಇಲ್ಲವಾ ಎಂದು ಕೇಳುತ್ತೇನಂತೆ. ಅವರು ಎದ್ದು ಹೋಗಿ ಇನ್ನೊಂದು ಲೋಟ ಮಾಡಿಕೊಡುತ್ತಾರಂತೆ, ಸಕ್ಕರೆ ಹಾಕದೆ.

ರಕ್ತ ಪರೀಕ್ಷೆಗೂ ಸ್ಕ್ಯಾನಿಗೂ ಚೀಟಿ ಬರೆಸಿಕೊಂಡು ಪಾರ್ಕಿಂಗಿಗೆ ಬಂದೆವು. ಕಾರಿನಲ್ಲಿ ಕೂತ ಮೇಲೆ ನನಗೆ ತಡೆಯಲಾಗಲಿಲ್ಲ. ಇಷ್ಟು ದಿನ ಮುಚ್ಚಿಟ್ಟರಲ್ಲ ಎಂಬ ಸಿಟ್ಟೋ, ಗದರಿಸದೆ ಮಾಡಿಕೊಟ್ಟರಲ್ಲ ಎಂಬ ಸಂಕಟವೋ ಗೊತ್ತಿಲ್ಲ, ಅಳು ಒತ್ತರಿಸಿ ಬಂತು.

"ನನಗ್ಯಾಕೆ ಹೇಳ್ಲಿಲ್ಲ ನೀವು?" ಎಂದೆ.

ಅವರು ಕಾರಿಗೆ ಹಾಕಿದ್ದ ಬೀಗದಕೈಯನ್ನು ಮತ್ತೆ ಹೊರಗೆಳೆದರು.

"ಹೇಳಿದ್ದೆ. ಮೂರು ಸಲ ಹೇಳಿದೀನಿ" ಎಂದರು. "ಪ್ರತಿ ಸಲ ನೀನು ಹೀಗೇ ಅತ್ತೆ. ಅದಕ್ಕೇ ಹೇಳೋದು ಬಿಟ್ಟೆ."